ಅಧ್ಯಕ್ಷರ ಚಿರತೆ

ಹೂವಿನಕೆರೆ ಬಡಾವಣೆಯ ಪಾರ್ಕಿನಲ್ಲಿ ಚಿರತೆ ಇದೆಯೆಂದು ಎಲ್ಲರೂ ನಂಬಿದ್ದರು. ಸಿಸಿಟಿವಿಯಲ್ಲಿ ಅದರ ಚಿತ್ರವೇ ಇತ್ತು: ಮಬ್ಬಾಗಿ, ಚುಕ್ಕೆಚುಕ್ಕೆಯಾಗಿ, ಬಾಲ ಎತ್ತಿಕೊಂಡು.

ನಿವಾಸಿಗಳ ಸಂಘದ ಅಧ್ಯಕ್ಷ ನಂಜುಂಡಾರಾಧ್ಯರು ಸಭೆ ಕರೆದರು. ನಗರದ ವನ್ಯಜೀವಿಗಳ ಅಧ್ಯಯನ ಮಾಡುವ ಹುಡುಗಿಯ ಮುಂದೆ ಕಾಗದ ಚಾಚಿದರು.

"ಚಿರತೆ ಅಂತ ಸಹಿ ಹಾಕಮ್ಮ. ಪಾರ್ಕಿಗೆ ಕಾಯಂ ಬೀಗ ಹಾಕಿಸ್ತೀನಿ."

ಬೀಗ ಬಿದ್ದರೆ ಅವಳ ಕೆಲಸಕ್ಕೂ ಬೀಗ. ಮೂರು ವರ್ಷದಿಂದ ಪ್ರತಿ ಭಾನುವಾರ ಅವಳು ಬಡಾವಣೆಯ ಮಕ್ಕಳಿಗೆ ಹಕ್ಕಿ ತೋರಿಸುತ್ತಿದ್ದುದು ಅಲ್ಲೇ. ಅದು ಬೆಕ್ಕು ಎಂದು ಎರಡು ಸಲ ಹೇಳಿ ನೋಡಿದ್ದಳು. ಎರಡು ಸಲವೂ ಅಧ್ಯಕ್ಷರು ಉತ್ತರವಾಗಿ ತಮ್ಮ ವಯಸ್ಸು ಹೇಳಿದ್ದರು.

"ಹಾಕ್ತೀನಿ ಸರ್," ಎಂದಳು. "ಆದ್ರೆ ವರದಿಗೆ ಎತ್ತರ ಬೇಕು. ಅದು ನಿಂತಿದ್ದ ಜಾಗದಲ್ಲೇ ಯಾರಾದ್ರೂ ಕೈಕಾಲೂರಿ ನಿಂತ್ರೆ, ಅದೇ ಕ್ಯಾಮೆರಾದಲ್ಲಿ ಹೋಲಿಸಿ ನೋಡಬಹುದು. ಚಿರತೆ ಓಡಾಡೋ ಜಾಗ, ಗುಂಡಿಗೆ ಇರೋರೇ ಹೋಗ್ಬೇಕು."

ಇಡೀ ಸಭೆ ಅಧ್ಯಕ್ಷರನ್ನು ನೋಡಿತು. ಅವರು ಪಂಚೆ ಎತ್ತಿ ಕಟ್ಟಿ ಹೊರಟರು.

ಸಭಾಂಗಣದ ಟೀವಿಯಲ್ಲಿ ಚಿರತೆಯ ಚಿತ್ರ, ಅದೇ ಜಾಗದಲ್ಲಿ ಕೈಕಾಲೂರಿ ನಿಂತ ಅಧ್ಯಕ್ಷರ ಚಿತ್ರ ಎರಡೂ ಅಕ್ಕಪಕ್ಕ ಬಂದವು. ಮೊದಲು ನಕ್ಕವರು ಅಧ್ಯಕ್ಷರ ಹೆಂಡತಿ ಪಾರ್ವತಮ್ಮ. ಆಮೇಲೆ ಎಲ್ಲರೂ ನಕ್ಕರು.

ಅಧ್ಯಕ್ಷರು ಮಂಡಿಯ ಮಣ್ಣು ಒರೆಸುತ್ತ ಒಳಗೆ ಬಂದರು. "ಏನ್ರೀ ನಗು? ಪ್ರಾಣ ಕೈಯಲ್ಲಿ ಹಿಡಕೊಂಡು ನಿಂತಿದ್ದೆ!"

"ರೀ, ಅದಕ್ಕಿಂತ ನೀವೇ ಚಿರತೆ ಥರ ಕಾಣ್ತಿದ್ದೀರಿ," ಎಂದರು ಪಾರ್ವತಮ್ಮ.

"ನೀನು ಸುಮ್ನಿರು. ಬರ್ಕೊಳಮ್ಮ, ಎತ್ತರ ಎಷ್ಟು?"

ಅವಳು ಟೀವಿಯತ್ತ ಕೈ ತೋರಿಸಿದಳು. ಚಿರತೆಯ ಬೆನ್ನು ಅಧ್ಯಕ್ಷರ ಮೊಣಕೈವರೆಗೂ ಬಂದಿರಲಿಲ್ಲ.