ಹೊರಗಿನ ನೀರಿನ ರುಚಿ

“ಗುರುಗಳೇ, ಶಾಂತಿಯನ್ನು ಬೋಧಿಸುವ ನಾಲ್ಕು ಗ್ರಂಥಗಳು ನನಗೆ ಬಾಯಿಪಾಠ. ಆದರೂ ಇಂದು ಬೆಳಿಗ್ಗೆ ಅಂಬಲಿ ತಡವಾಯಿತೆಂದು ಅಡುಗೆಯವನ ಮೇಲೆ ಹರಿಹಾಯ್ದೆ. ಐದನೆಯದನ್ನೂ ಓದಲೇ?” ಎಂದು ಶಿಷ್ಯ ಕೇಳಿದನು.

ಗುರುಗಳು ಹೇಳಿದರು:

ಒಬ್ಬ ವೈದ್ಯನಿದ್ದನು. ಜ್ವರಕ್ಕೆ ಅವನು ಅರೆದು ಕೊಡುತ್ತಿದ್ದ ಬೇರಿನಷ್ಟು ಕಹಿಯಾದ ಮದ್ದು ಆ ಸೀಮೆಯಲ್ಲಿ ಇರಲಿಲ್ಲ. ಅದೇ ಅವನ ಹೆಮ್ಮೆ. ಗಾಣಿಗರ ಹೆಂಗಸೊಬ್ಬಳ ಒಬ್ಬಳೇ ಮಗಳು ಜ್ವರದಿಂದ ಮಲಗಿದಳು. ವೈದ್ಯ ಮದ್ದು ಕುಡಿಸಿದನು. ಜ್ವರ ಇಳಿಯಲಿಲ್ಲ. ಎರಡರಷ್ಟು ಕುಡಿಸಿದನು. ಹುಡುಗಿ ಕಣ್ಣು ತೆರೆಯುವುದನ್ನೂ ಬಿಟ್ಟಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು, ಮತ್ತೆ ಬಟ್ಟಲು ತುಂಬಿದನು.

ತಾಯಿ ಬಟ್ಟಲಿಗೆ ಕೈ ಅಡ್ಡ ಇಟ್ಟು ಕೇಳಿದಳು: “ಸ್ವಾಮಿ, ಈ ಮದ್ದು ಎಲ್ಲಿಗೆ ಹೋಗುತ್ತದೆ?”

“ಹೊಟ್ಟೆಗೆ.”

“ಜ್ವರ ಇರುವುದು ಮೈಯಲ್ಲೆಲ್ಲ ಅಲ್ಲವೇ?”

ವೈದ್ಯನಿಗೆ ಸಿಟ್ಟು ಬಂತು. ಮನೆಯ ದಾರಿಯಲ್ಲಿ ಸಿಟ್ಟು ಇಳಿದು ಭಯ ಹತ್ತಿತು. ಹೊಟ್ಟೆಗೆ ಇಳಿದದ್ದೆಲ್ಲ ಕರುಳನ್ನು ದಾಟಿ ರಕ್ತ ಸೇರುತ್ತದೆಂದು ಅವನು ನಂಬಿದ್ದನು. ಒಮ್ಮೆಯೂ ಅಳೆದು ನೋಡಿರಲಿಲ್ಲ. ಕಟುಕನ ಬಳಿ ಹೋಗಿ, ಆಗತಾನೇ ಕೊಯ್ದ ಆಡಿನ ಕರುಳನ್ನು ತಂದನು. ನೀನು ಮೂಗು ಮುರಿಯಬೇಡ. ಆ ಕೆಲಸವನ್ನು ಅವನ ಹೆಂಡತಿ ಆಗಲೇ ಮಾಡಿದ್ದಳು.

ಕರುಳಿನ ತುಂಡಿಗೆ ಮದ್ದು ತುಂಬಿ, ಎರಡೂ ತುದಿ ಬಿಗಿದು, ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಳಿಬಿಟ್ಟನು. ಸ್ವಲ್ಪ ಹೊತ್ತಿನ ಮೇಲೆ ಹೊರಗಿನ ನೀರನ್ನು ನಾಲಗೆಗೆ ಹಚ್ಚಿಕೊಂಡನು. ನೀರು ಸಪ್ಪೆಯಾಗಿತ್ತು. ಹುಡುಗಿಗೆ ಕುಡಿಸಿದ ಕಹಿಯೆಲ್ಲ ಕರುಳಿನೊಳಗೇ ಉಳಿದಿತ್ತೆಂದು ತಿಳಿದು ಅವನು ಅತ್ತನು.

ಅತ್ತು ಮುಗಿಸಿ, ಅದೇ ಬೇರನ್ನು ಒಮ್ಮೆ ಜೇನಿನಲ್ಲಿ, ಒಮ್ಮೆ ತುಪ್ಪದಲ್ಲಿ, ಒಮ್ಮೆ ಹಿಪ್ಪಲಿಯೊಡನೆ ಅರೆದನು. ಒಂದೊಂದಕ್ಕೂ ಬೇರೆ ಕರುಳು, ಬೇರೆ ಬೋಗುಣಿ. ಆಮೇಲೆ ಪ್ರತಿ ಬೋಗುಣಿಯಿಂದ ಒಂದು ಚಮಚ ತೆಗೆದು, ಕಹಿ ಅಳಿಯುವವರೆಗೆ ಒಳ್ಳೆಯ ನೀರು ಬೆರೆಸುತ್ತ ಹೋದನು. ಯಾವುದಕ್ಕೆ ಹೆಚ್ಚು ನೀರು ಬೇಕಾಯಿತೋ ಅದು ಹೆಚ್ಚು ದಾಟಿದೆ. ಅದೇ ಅವನ ಅಳತೆ. ಜೇನಿನದು ಬೇಗ ಸಪ್ಪೆಯಾಯಿತು. ತುಪ್ಪದ್ದು ಇನ್ನಷ್ಟು ಹೊತ್ತು ತಡೆಯಿತು. ಹಿಪ್ಪಲಿಯದು, ಒಂದು ಕೊಡ ನೀರು ಮುಗಿದರೂ ಕಹಿಯಾಗಿಯೇ ಇತ್ತು.

ಆ ಮದ್ದನ್ನು ಹಿಂದಿನದರ ಅರ್ಧದಷ್ಟೇ ಕುಡಿಸಿದನು. ಹುಡುಗಿ ಬೆವತಳು, ಕಣ್ಣು ತೆರೆದಳು, ಗಂಜಿ ಕೇಳಿದಳು. ತಾಯಿ ಕಾಲಿಗೆ ಬೀಳಲು ಬಂದರೆ ವೈದ್ಯನೇ ಅವಳ ಕಾಲಿಗೆ ಬಿದ್ದನು. ಆಮೇಲೆ ಪೇಟೆಬೀದಿಯಲ್ಲಿ “ದಾಟಿತು, ದಾಟಿತು” ಎಂದು ಕೂಗುತ್ತ, ಕಚ್ಚೆ ಸಡಿಲಿದ್ದೂ ತಿಳಿಯದೆ ಕುಣಿದನು. ಪಟ್ಟವೇರಿದ ದಿನ ಅರಸನಿಗೂ ಅಷ್ಟು ಸಂತೋಷ ಇರದು.

ಕತೆ ಕೇಳಿ ಶಿಷ್ಯನ ಮುಖ ಅರಳಿತು. “ಹಾಗಾದರೆ ನಾನು ಓದಿದ ನಾಲ್ಕು ಗ್ರಂಥಗಳಲ್ಲಿ ಎಷ್ಟು ದಾಟಿದೆಯೆಂದು ತಿಳಿಯುವುದು ಹೇಗೆ, ಗುರುಗಳೇ?”

“ಅಡುಗೆಯವನನ್ನು ಕೇಳು, ಹೊರಗಿನ ನೀರಿನ ರುಚಿ ಗೊತ್ತಿರುವುದು ಅವನಿಗೆ.”