ಮಡಿಸಿದ ಹಾಳೆ ಓದಿದ ವಿಮರ್ಶಕರು

ನಾನು ಹೊಲಿದ ಪುಸ್ತಕದ ಮೇಲೆ ಆನೆ ಕುಣಿದರೂ ದಾರ ಬಿಚ್ಚಲ್ಲ. ಅಕ್ಷರ ಒಂದೂ ಬರಲ್ಲ, ಆದರೂ ನಲವತ್ತು ವರ್ಷದಿಂದ ಪ್ರೆಸ್ಸಿನ ಬೈಂಡರ್ ನಾನೇ.

ಒಂದು ದಿನ ವಿಮರ್ಶಕ ಅನಂತಪದ್ಮನಾಭಯ್ಯ ಹೊಸ ಕಾದಂಬರಿ ಹಿಡಿದು ಬಂದರು. ಸಂಜೆ ಅದರ ಬಿಡುಗಡೆ, ಭಾಷಣ ಅವರದೇ.

"ಏನ್ರೀ, ರಕ್ಷಾಪುಟ ತಲೆಕೆಳಗಾಗಿ ಅಂಟಿಸಿದಾನೆ! ಇದೇ ಪ್ರತೀನ ಮೂರು ಸಲ ಓದಿದೀನಿ, ಮೂರು ಸಲವೂ ಅತ್ತಿದೀನಿ. ಅಂಥಾ ಕೃತಿಗೆ ಈ ಗತಿಯೇ? ಈ ಹೆಬ್ಬೆಟ್ಟನ್ನ ಇವತ್ತೇ ಕೆಲಸದಿಂದ ತೆಗೀರಿ!" ಎಂದು ಪ್ರೆಸ್ಸಿನ ಯಜಮಾನರ ಮೇಲೆ ಎಗರಿದರು.

ತಪ್ಪು ನನ್ನದೇ. ಆದರೆ ಮೂರು ಸಲ ಅಂದದ್ದಕ್ಕೆ ಯಾಕೋ ಅನುಮಾನ ಬಂತು. ಪುಸ್ತಕ ಇಸಕೊಂಡು ಹೆಬ್ಬೆರಳು ಆಡಿಸಿದೆ. ಅವಸರದಲ್ಲಿ ಆ ಪ್ರತಿಯ ಅಂಚು ಕತ್ತರಿಸೋದನ್ನೇ ಮರೆತಿದ್ದೆ. ಮಡಿಸಿದ ಹಾಳೆಗಳು ಮಡಿಸಿದ ಹಾಗೇ ಕೂಡಿಕೊಂಡಿದ್ದವು; ಅಂಚು ಕತ್ತರಿಸದೆ ಒಳಗಿನ ಪುಟ ತೆರೆಯಕ್ಕೇ ಆಗಲ್ಲ.

ಕೈ ಮುಗಿದೆ. "ಸ್ವಾಮೀ, ನನಗೆ ಬಿಚ್ಚಿದ ಪುಟವೇ ಓದಕ್ಕೆ ಬರಲ್ಲ. ತಾವು ಮಡಿಸಿದ್ದನ್ನ ಬಿಚ್ಚದೇ ಓದಿ, ಅತ್ತೂಬಿಟ್ರಲ್ಲ!"

ಯಜಮಾನರು ಕೆಮ್ಮಿದರು. ವಿಮರ್ಶಕರು ಬೆವರು ಒರೆಸಿಕೊಂಡು, "ಅಣ್ಣಾ, ಅಂಚು ಕತ್ತರಿಸಿಕೊಡ್ತೀಯಾ?" ಅಂದರು.

ಸಂಜೆ ವೇದಿಕೆಯಲ್ಲಿ ಅವರು ಕಥೆಯ ಸುದ್ದಿಗೇ ಹೋಗಲಿಲ್ಲ. ಅರ್ಧ ಗಂಟೆ ಬೈಂಡಿಂಗನ್ನೇ ಹೊಗಳಿದರು.