ಹೋಗಲು ಮಾತ್ರ ಇರುವ ಸೇತುವೆ

ಕಲ್ಮಂಜಿಯ ಅರಸ ಸೂರಪ್ಪನಾಯಕನಿಗೆ ಮೀಸೆ ಎಷ್ಟು ಉದ್ದವೋ ಮಾತೂ ಅಷ್ಟೇ ಉದ್ದ. ಅವನ ಸೀಮೆಗೂ ಹುಲಿಗುಂದದ ಸೀಮೆಗೂ ನಡುವೆ ಬಾಗೆಹೊಳೆ ಹರಿಯುತ್ತಿತ್ತು. ಎರಡು ಕಡೆಯವರೂ ಅರ್ಧರ್ಧ ಖರ್ಚು ಹಾಕಿ ಅದಕ್ಕೆ ಕಲ್ಲಿನ ಸೇತುವೆ ಕಟ್ಟಿಸಿದರು. ಕೆಲಸ ಮುಗಿದ ದಿನ ಸೂರಪ್ಪನಾಯಕ ಸಭೆಯಲ್ಲಿ ಮೀಸೆ ತಿರುವಿದ.

"ಇಂಥ ಸೇತುವೆ ಭೂಮಿಯ ಮೇಲೆ ಇನ್ನೊಂದಿಲ್ಲ!"

ಉಪ್ಪಿನ ವ್ಯಾಪಾರಿ ಸಾವಂತಶೆಟ್ಟಿ ಎದ್ದು ಕೈಮುಗಿದ. ಸೀಮೆಯಲ್ಲೆಲ್ಲ ಉಪ್ಪು ಮಾರುವವನು ಅವನೊಬ್ಬನೇ. ಹುಲಿಗುಂದದಲ್ಲಾದರೋ ಉಪ್ಪು ಅಗ್ಗ.

"ಪ್ರಭು, ನಮ್ಮ ಬೆಲ್ಲ ಆ ಕಡೆ ಹೋಗಲಿ, ಸಂತೋಷ. ಅವರ ಉಪ್ಪು, ಅವರ ಬಟ್ಟೆ, ಅವರ ಜನ ಈ ಕಡೆ ನುಗ್ಗಿದರೆ ನಮ್ಮ ಗತಿ?"

ಅರಸನಿಗೆ ಹೌದೆನಿಸಿತು. ಪಕ್ಕದಲ್ಲಿದ್ದ ದೇಪಣ್ಣನ ಕಡೆ ತಿರುಗಿದ. ದೇಪಣ್ಣ ಆಸ್ಥಾನದ ಜಾಣ. ಅರಸನ ಕೋಪಕ್ಕೂ ನಗುವಿಗೂ ಅವನೇ ಕಾರಣ.

"ದೇಪಣ್ಣ, ಈ ಸೇತುವೆಯ ಮೇಲೆ ನಮ್ಮದು ಹೋಗಬೇಕು, ಅವರದು ಬರಬಾರದು. ಹಾಗೆ ಮಾಡು."

"ಸೇತುವೆಗೆ ಎರಡು ತುದಿ ಇರುತ್ತವಲ್ಲ ಪ್ರಭು."

"ಅದೆಲ್ಲ ನನಗೆ ಗೊತ್ತಿಲ್ಲ. ಆಗಬೇಕು ಅಂದರೆ ಆಗಬೇಕು."

"ಆಗಲಿ. ನಮ್ಮ ತುದಿಗೊಂದು ಬಾಗಿಲು ಇಡಿಸುತ್ತೇನೆ. ಆದರೆ ಹೊರಗಿನವರು ಅಂದರೆ ಯಾರು ಅಂತ ತಾವೇ ಹೇಳಿಬಿಡಿ."

"ಆ ನೆಲ ಮೆಟ್ಟಿ ಬಂದವರೆಲ್ಲ ಹೊರಗಿನವರು. ನಮ್ಮ ಗಾಡಿಯವರು ಸೇತುವೆಯ ಮೇಲೇ ಸರಕು ಇಳಿಸಿ ವಾಪಸು ಬರಲಿ."

"ಯಾರೇ ಆದರೂ?"

"ಯಾರೇ ಆದರೂ! ಆ ಕಡೆಯಿಂದ ಒಂದು ನರಪಿಳ್ಳೆಯನ್ನು ಒಳಗೆ ಬಿಟ್ಟರೂ ಕಾವಲಿನವನ ತಲೆ ಹೋಯಿತು."

ಬಾಗಿಲು ನಿಂತಿತು. ಕಾವಲಿಗೆ ಬರಮಣ್ಣನೆಂಬ ಆಳು ಬಂದ. ಅವನಿಗೆ ಸೇತುವೆಗಿಂತ ತನ್ನ ತಲೆಯ ಮೇಲೆ ಪ್ರೀತಿ ಹೆಚ್ಚು.

ಬೆಲ್ಲದ ಗಾಡಿಗಳು ಹೊರಟವು. ಹುಲಿಗುಂದದವರು ಮೂಸಿ ನೋಡಿದರು, ನಾಲಿಗೆಗೂ ಇಟ್ಟರು. "ಬೆಲ್ಲವೇನೋ ಚೆನ್ನಾಗಿದೆ. ಬದಲಿಗೆ ಉಪ್ಪು ಕೊಡುತ್ತೇವೆ, ಸೀರೆ ಕೊಡುತ್ತೇವೆ. ತಗೊಳ್ಳೋ ಹಾಗಿಲ್ಲ ಅಂತೀರಿ. ಮತ್ತೆ ಹೇಗಪ್ಪಾ ಕೊಳ್ಳೋದು?" ಗಾಡಿಗಳು ಹೋದ ಹಾಗೆಯೇ ತುಂಬಿಕೊಂಡು ತಿರುಗಿ ಬಂದವು. ಬೆಲ್ಲಕ್ಕೆ ಇರುವೆ ಹತ್ತಿತು. ಸಾವಂತಶೆಟ್ಟಿ ಉಪ್ಪಿನ ಬೆಲೆಯನ್ನು ಇನ್ನಷ್ಟು ಏರಿಸಿದ.

ಒಂದು ದಿನ ಕುಂಬಾರರ ಈರವ್ವ ಅಳುತ್ತಾ ದೇಪಣ್ಣನ ಮನೆಗೆ ಬಂದಳು.

"ಬುದ್ಧಿ, ನನ್ನ ಮಗಳು ನಿಂಗವ್ವನ್ನ ಹುಲಿಗುಂದಕ್ಕೆ ಕೊಟ್ಟಿದ್ದೀನಿ. ಚೊಚ್ಚಲ ಬಸುರಿ, ದಿನ ತುಂಬಿದೆ. ಬಾಣಂತನಕ್ಕೆ ತವರಿಗೆ ಬರ್ತಾಳೆ ಅಂದ್ರೆ ಆ ಬರಮಣ್ಣ ಬಾಗಿಲು ತೆಗೀತಿಲ್ಲ. ಸೇತುವೆ ಇಲ್ಲದಾಗ ತೆಪ್ಪದಲ್ಲಾದರೂ ಬರೋಳು. ಈಗ ತೆಪ್ಪನೂ ನಿಲ್ಲಿಸಿಬಿಟ್ಟವ್ರೆ!"

ಅಪ್ಪಣೆ ಇಲ್ಲಿಗೆ ಬಂದು ಮುಟ್ಟುತ್ತದೆಂದು ದೇಪಣ್ಣನೂ ಎಣಿಸಿರಲಿಲ್ಲ.

"ಅಳಬೇಡ ತಾಯಿ. ನಾಳೆ ನಿನ್ನ ಮಗಳು ಗಾಡಿ ಕಟ್ಟಿಸಿಕೊಂಡು ಸೇತುವೆಯ ಹತ್ತಿರ ಬಂದಿರಲಿ. ಹೊಳೆದಂಡೆಯಿಂದ ಕೂಗಿ ಹೇಳು."

ಅಲ್ಲಿಂದ ನೆಟ್ಟಗೆ ಅರಮನೆಗೆ ಹೋದ.

"ಪ್ರಭು, ತಮ್ಮ ಅರ್ಧಕ್ಕಿಂತ ತನ್ನ ಅರ್ಧ ಸೇತುವೆಯೇ ಚೆಂದ ಅಂತ ಹುಲಿಗುಂದದ ಅರಸ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಬಂದು ನೋಡಿ, ಊಟ ಮಾಡಿಕೊಂಡು ಹೋಗಿ ಅಂತ ಕರೆಯನ್ನೂ ಕಳಿಸಿದ್ದಾನೆ."

"ಹಾಗೋ! ನಾಳೆಯೇ ಹೊರಡೋಣ."

ಮರುದಿನ ಅರಸ ಪರಿವಾರದೊಂದಿಗೆ ಸೇತುವೆ ದಾಟಿದ. ರಾಣಿ ಚೆನ್ನಾಜಮ್ಮ ವ್ರತವಿದೆಯೆಂದು ಈ ಕಡೆಯೇ ಉಳಿದಳು. ದೇಪಣ್ಣನೂ ಉಳಿದ.

ಆ ಕಡೆ ಊಟ ಭರ್ಜರಿಯಾಯಿತು, ಹೆಗಲಿಗೆ ಉಡುಗೊರೆಯೂ ಬಿತ್ತು. ಹೋಳಿಗೆಯ ಭಾರಕ್ಕೆ ತೂಕಡಿಸುತ್ತಾ ಅರಸ ತಿರುಗಿ ಬಂದರೆ ಬಾಗಿಲು ಮುಚ್ಚಿತ್ತು. ಅದರ ಎದುರಿಗೆ ಒಂದು ಗಾಡಿ. ಗಾಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತ ನಿಂಗವ್ವ.

"ಬಾಗಿಲು ತೆಗೆಯೋ!"

ಬರಮಣ್ಣ ಕಿಂಡಿಯಲ್ಲಿ ಇಣುಕಿದ. "ತಾವು ಯಾವ ಕಡೆಯಿಂದ ಬಂದಿರಿ ಒಡೆಯಾ?"

"ಕಾಣಿಸುವುದಿಲ್ಲವೇ? ಆ ಕಡೆಯಿಂದ!"

"ಹಾಗಾದರೆ ಆಗೋದಿಲ್ಲ. ಆ ನೆಲ ಮೆಟ್ಟಿದವರನ್ನ ಬಿಟ್ಟರೆ ನನ್ನ ತಲೆ ಹೋಗ್ತದೆ."

"ನಾನು ನಿನ್ನ ಅರಸನೋ!"

"ಯಾರೇ ಆದರೂ ಅಂತ ನಮ್ಮ ಅರಸರು ಹೇಳವ್ರೆ ಬುದ್ಧಿ. ಅವರು ಬಲು ಕೋಪಿಷ್ಠರು."

ಗಾಡಿಯಲ್ಲಿದ್ದ ನಿಂಗವ್ವನಿಗೆ ಆ ನೋವಿನಲ್ಲೂ ನಗು ಬಂತು. ಅರಸನ ಮುಖ ಕೆಂಪಾಯಿತು. ಕಿಂಡಿಯಾಚೆ ದೇಪಣ್ಣನ ತಲೆ ಕಂಡಿತು.

"ದೇಪಣ್ಣ! ಆ ಅಪ್ಪಣೆಯನ್ನು ಈ ಕ್ಷಣ ರದ್ದು ಮಾಡಿದ್ದೇನೆ. ಬಾಗಿಲು ತೆಗೆಸು!"

ದೇಪಣ್ಣ ವಿನಯದಿಂದ ಬಾಗಿದ. "ಅಪ್ಪಣೆ ಬಹಳ ಚೆನ್ನಾಗಿದೆ ಪ್ರಭು. ಆದರೆ ಅದೂ ಆ ಕಡೆಯಿಂದಲೇ ಬರುತ್ತಿದೆಯಲ್ಲ! ಆ ಕಡೆಯದು ಯಾವುದನ್ನೂ ನಾವು ಒಳಗೆ ಬಿಟ್ಟುಕೊಳ್ಳುವಂತಿಲ್ಲ."

ಅರಸ ಬಾಗಿಲನ್ನು ಗುದ್ದಿದ. ಪಕ್ಕದಲ್ಲಿ ನಿಂಗವ್ವ ನರಳಿದಳು. ಅರಸ ಆಗ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ.

"ಇವಳು ಯಾರು? ಇಲ್ಲೇಕೆ ಕಾಯುತ್ತಿದ್ದಾಳೆ?"

"ತಮ್ಮ ಹಾಗೆಯೇ ಪ್ರಭು, ತನ್ನ ಊರಿಗೆ ಹೋಗಲು."

ಅರಸನ ದನಿ ಇಳಿಯಿತು. "ದೇಪಣ್ಣ, ನನ್ನದಿರಲಿ, ಈ ಹೆಣ್ಣುಮಗಳಿಗಾದರೂ ಏನಾದರೂ ದಾರಿ ಮಾಡೋ."

"ದಾರಿ ಇದೆ ಪ್ರಭು. ರಾಣಿಯಮ್ಮನವರು ಈ ಕಡೆಯೇ ಇದ್ದಾರೆ. ಅವರ ಅಪ್ಪಣೆ ನಮ್ಮ ನೆಲದಲ್ಲೇ ಬೆಳೆದದ್ದು."

ಚೆನ್ನಾಜಮ್ಮನಿಗೆ ಸುದ್ದಿ ಹೋಯಿತು. ಅವಳು ಬಂದು ಗಾಡಿಯನ್ನೂ ನೋಡಿದಳು, ಗಂಡನನ್ನೂ ನೋಡಿದಳು.

"ಬಾಗಿಲು ತೆಗೆಯಿರಿ. ಇನ್ನು ಮುಚ್ಚಬೇಡಿ. ಮೊದಲು ಬಸುರಿಯ ಗಾಡಿ ಬರಲಿ; ಅರಸರು ಹಿಂದೆ ಬರುತ್ತಾರೆ."

ಈರವ್ವ ಓಡಿ ಬಂದು ಮಗಳ ಕೈ ಹಿಡಿದಳು. ಗಾಡಿಯ ಹಿಂದೆ ಧೂಳು ಕುಡಿಯುತ್ತಾ ಸೂರಪ್ಪನಾಯಕ ಒಳಗೆ ಬಂದ. ದೇಪಣ್ಣನ ಎದುರು ನಿಂತ.

ಅರಸ ಗಹಗಹಿಸಿ ನಕ್ಕ. "ನನ್ನ ಊರಿಗೇ ನನ್ನನ್ನು ಪರದೇಶಿ ಮಾಡಿದೆಯಲ್ಲೋ! ತಗೋ ನಿನ್ನ ಬಹುಮಾನ." ಹೆಗಲ ಮೇಲಿದ್ದ ಜರಿ ಶಾಲನ್ನು ತೆಗೆದು ದೇಪಣ್ಣನಿಗೆ ಹೊದಿಸಿದ.

ದೇಪಣ್ಣ ಶಾಲಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ಅರಸನ ಕಿವಿಯ ಬಳಿ ಬಗ್ಗಿದ.

"ಹುಲಿಗುಂದದ ನೇಯ್ಗೆ ಪ್ರಭು! ಮೆಲ್ಲಗೆ ಮಾತಾಡಿ. ಆ ಕಡೆಯ ಸರಕನ್ನು ಮೊದಲು ಒಳಗೆ ತಂದವರು ಯಾರು ಅಂತ ಸಾವಂತಶೆಟ್ಟರಿಗೆ ಗೊತ್ತಾದೀತು."